ಕುಲವನ್ನರಸುವುದೂ ಬಂಧುವನ್ನರಸುವುದೂ

ತನ್ನ ಹುಟ್ಟಿನ ಮೂಲವನ್ನು ತಿಳಿಯಬೇಕೆಂಬ ಬಯಕೆ ಮಾನವನಿಗೆ ಸಹಜವಾದುದು. ನದಿಯ ದಡದಲ್ಲಿ ವಾಸಿಸುವವನು ಅದರ ಉಗಮವೆಲ್ಲಿ ಎಂದು ಕೇಳುವಂತೆ, ನಡುವಯಸ್ಸಿಗೆ ಬಂದವನು ತನ್ನ ಅಜ್ಜನ ಅಜ್ಜನು ಯಾರು, ಯಾವ ಊರಿನವನು, ಆತನ ಒಡಹುಟ್ಟಿದವರ ಸಂತತಿ ಇಂದು ಎಲ್ಲಿರುವುದು ಎಂದು ಕೇಳುತ್ತಾನೆ. ಹಿಂದೆ ಇದಕ್ಕೆ ಮನೆಯ ಹಿರಿಯರೇ ಉತ್ತರ ಹೇಳುತ್ತಿದ್ದರು. ಇಂದು ಗಣಕಯಂತ್ರದ ಮುಂದೆ ಕುಳಿತು, ಕಂಡರಿಯದ ದೇಶಗಳ ಅಪರಿಚಿತರ ನೆರವಿನಿಂದ ಹಳೆಯ ದಾಖಲೆಗಳನ್ನು ಶೋಧಿಸಿ ವಂಶವೃಕ್ಷವನ್ನು ರಚಿಸುವವರು ಹಲವರು. ಆದರೆ ಶರಣಮಾರ್ಗವನ್ನು ನಂಬಿದ ಗೃಹಸ್ಥನಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಭಕ್ತನಾದವನ ಪೂರ್ವಕುಲವನ್ನು ಕೇಳಲಾಗದೆಂದು ಶರಣರು ಹೇಳಿರುವಾಗ, ತನ್ನ ಪೂರ್ವಿಕರನ್ನು ಅರಸುವುದು ಸರಿಯೆ? ಅದು ಹೊಸ್ತಿಲಾಚೆ ಬಿಟ್ಟ ಜಾತಿಸೂತಕವನ್ನು ಮರಳಿ ಒಳಗೆ ಕರೆತಂದಂತಾಗದೆ?

ವಂಶದ ನೆನಪನ್ನು ಕಾಯ್ದಿಡುವ ಕೆಲಸ ಕನ್ನಡನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಹೆಳವರು ಅದನ್ನೇ ಕಾಯಕವನ್ನಾಗಿ ಮಾಡಿಕೊಂಡವರು. ಎತ್ತನ್ನೇರಿ ಊರೂರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನೂ ಬೆಡಗನ್ನೂ ಮೂಲಸ್ಥಳವನ್ನೂ ಕೊಂಡಾಡಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಹೊತ್ತಗೆಯಲ್ಲಿ ಬರೆದುಕೊಂಡು, ಕಾಳುಕಡಿಯ ಕಾಣಿಕೆಯನ್ನು ಪಡೆದು ಮುಂದಿನ ಊರಿಗೆ ನಡೆಯುವುದು ಅವರ ಪದ್ಧತಿ. ಹರಿದ್ವಾರದ ಪಂಡರೂ ಯಾತ್ರಿಕರ ವಂಶಗಳನ್ನು ತಮ್ಮ ಬಹಿಗಳಲ್ಲಿ ಹೀಗೆಯೇ ಬರೆದಿಟ್ಟಿರುವರು. ಈ ಹೊತ್ತಗೆಗಳಿಂದ ಉಪಕಾರವಾದುದು ನಿಜ. ಅಗಲಿದ ದಾಯಾದಿಗಳು ಒಂದಾದುದುಂಟು. ಅದೇ ಹೊತ್ತಗೆಯನ್ನು ಹಿಡಿದು, ನಮ್ಮದು ಮೇಲಿನ ಮನೆತನ, ನಿಮ್ಮದು ಕೆಳಗಿನದೆಂದು ಕನ್ಯೆಯನ್ನು ನಿರಾಕರಿಸಿದುದೂ ಉಂಟು. ಹೊತ್ತಗೆ ಒಂದೇ, ಅದನ್ನು ತೆರೆಯುವ ಮನಸ್ಸು ಎರಡು.

ಕುಲದ ಹೆಮ್ಮೆಗಾಗಿ ಅರಸುವವನು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಲಿ. ಪ್ರತಿಯೊಬ್ಬನಿಗೂ ತಂದೆತಾಯಿ ಇಬ್ಬರು, ಅವರ ತಂದೆತಾಯಿಗಳು ನಾಲ್ವರು, ಅವರಿಗೆ ಎಂಟು ಮಂದಿ. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಮಾರಿನಲ್ಲಿ 1,024 ಸ್ಥಾನಗಳು, ಇಪ್ಪತ್ತನೆಯದರಲ್ಲಿ 10,48,576 ಸ್ಥಾನಗಳು. ಬಸವಣ್ಣನವರ ಕಾಲಕ್ಕೆ, ಅಂದರೆ ಸುಮಾರು ಮೂವತ್ತು ತಲೆಮಾರು ಹಿಂದಕ್ಕೆ ಹೋದರೆ, ಆ ಸಂಖ್ಯೆ ನೂರು ಕೋಟಿಯನ್ನು ಮೀರುತ್ತದೆ. ಆದರೆ ಅಂದು ಇಡೀ ಭೂಮಂಡಲದಲ್ಲಿಯೂ ಅಷ್ಟು ಜನರಿರಲಿಲ್ಲ. ಇದರ ಅರ್ಥವೇನು? ಒಬ್ಬನೇ ಪೂರ್ವಿಕನು ಅನೇಕ ಸ್ಥಾನಗಳಲ್ಲಿ ಮತ್ತೆ ಮತ್ತೆ ಬರುತ್ತಾನೆ. ಬೇರೆ ಬೇರೆ ಎಂದು ತೋರುವ ಮನೆಗಳ ಬೇರುಗಳು ಮಣ್ಣಿನೊಳಗೆ ಒಂದರೊಡನೊಂದು ಹೆಣೆದುಕೊಂಡಿವೆ. ವಂಶಾವಳಿಯು ತಂದೆಯ ತಂದೆಯ ಒಂದೇ ಎಳೆಯನ್ನು ಹಿಡಿದು ಉಳಿದ ಸಾವಿರ ಎಳೆಗಳನ್ನು ಬಿಡುವುದರಿಂದ ಮಾತ್ರ ‘ಶುದ್ಧಕುಲ’ವೆಂಬ ಭ್ರಮೆ ಹುಟ್ಟುತ್ತದೆ. ತಾಯಂದಿರೆಲ್ಲರನ್ನೂ ಲೆಕ್ಕಕ್ಕೆ ತಂದಾಗ ಆ ಭ್ರಮೆ ನಿಲ್ಲದು. ಶರಣರು ಅನುಭಾವದಿಂದ ಕಂಡ ಸತ್ಯಕ್ಕೆ ಗಣಿತವೂ ಎದುರಾಡುವುದಿಲ್ಲ.

ಹಾಗಾದರೆ ಹುಡುಕಾಟವೇ ವ್ಯರ್ಥವೆಂದು ಕೈಬಿಡಬೇಕೆ? ಅದೂ ಸಲ್ಲದು. ಅದೆಂತೆನೆ, ಅರಸಿ ಬರುವವರೆಲ್ಲರೂ ಹೆಮ್ಮೆಯನ್ನು ಅರಸಿ ಬರುವವರಲ್ಲ. ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಭಾರತದಿಂದ ಹಡಗೇರಿದವರ ಸಂತತಿಯನ್ನು ನೆನೆಯಬಹುದು. 1834ರಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಮಾರಿಷಸ್ ದ್ವೀಪಕ್ಕೆ ಸುಮಾರು 4,50,000 ಜನರೂ, 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕದ ನೇಟಾಲಿಗೆ 1,52,184 ಜನರೂ, 1873ರಿಂದ 1916ರವರೆಗೆ ಸುರಿನಾಮಿಗೆ 34,000ಕ್ಕೂ ಹೆಚ್ಚು ಜನರೂ ಹೋದರು. ಮದರಾಸು ಕಲ್ಕತ್ತಗಳ ಬಂದರುಗಳಲ್ಲಿ ಗುಮಾಸ್ತನು ಅವರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಮೈಮೇಲಿನ ಮಚ್ಚೆ ಗಾಯಗಳನ್ನು ಬರೆದುಕೊಂಡನು. ಹಲವರು ಹಿಂದಿರುಗಲಿಲ್ಲ. ಊರಿನಲ್ಲಿ ಉಳಿದ ತಾಯಿಗೆ ಮಗನು ಸತ್ತನೋ ಬದುಕಿದನೋ ತಿಳಿಯದೆ ಹೋಯಿತು.

ಇಂದು ಅವರ ಮರಿಮಕ್ಕಳು ಆ ಒಂದು ಹಾಳೆಯನ್ನು ಹಿಡಿದು ಹಳ್ಳಿಯನ್ನು ಅರಸುತ್ತಾರೆ. ಗುಮಾಸ್ತನು ಕಿವಿಗೆ ಕೇಳಿದಂತೆ ಬರೆದ ಊರಿನ ಹೆಸರು ಗುರುತು ಸಿಕ್ಕದಂತಿರುತ್ತದೆ; ಜಿಲ್ಲೆಯ ಗಡಿಗಳು ಬದಲಾಗಿರುತ್ತವೆ. ಮಾರಿಷಸ್ಸಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಇಂತಹ ದಾಖಲೆಗಳನ್ನು ಕಾಪಾಡಿದ್ದಾರೆ. ಅಲ್ಲಿಂದ ಹೊರಟು, ಪರಿಚಯವೇ ಇಲ್ಲದ ಸಹಾಯಕರ ಕೈಹಿಡಿದು, ಕೊನೆಗೆ ಯಾವುದೋ ಮನೆಯ ಬಾಗಿಲನ್ನು ಮುಟ್ಟಿದವರುಂಟು. ಅವರು ಕೇಳುವುದು ಆಸ್ತಿಯ ಪಾಲನ್ನಲ್ಲ, ಕುಲದ ಬಿರುದನ್ನಲ್ಲ. ಮುರಿದ ಮಾತನ್ನು ಪೂರ್ಣಗೊಳಿಸಲು ಬಂದವರು ಅವರು. ಇಂತಹ ಅರಸುವಿಕೆಯನ್ನು ಜಾತಿಸೂತಕವೆನ್ನಲು ಯಾವ ಬಾಯಿ ಬಂದೀತು?

ಆ ಹಡಗುಗಳೇ ಇನ್ನೊಂದು ಪಾಠವನ್ನೂ ಕಲಿಸುತ್ತವೆ. ಒಂದೇ ಹಡಗಿನಲ್ಲಿ ತಿಂಗಳುಗಟ್ಟಲೆ ಜೊತೆಯಾಗಿ ಸಾಗಿದವರು, ಒಂದೇ ಪಾತ್ರೆಯಲ್ಲಿ ಬೆಂದುದನ್ನು ಉಂಡವರು, ತಮ್ಮನ್ನು ‘ಜಹಾಜಿ ಭಾಯಿ’ ಎಂದರೆ ಹಡಗಿನ ಒಡಹುಟ್ಟಿದವರೆಂದು ಕರೆದುಕೊಂಡರು. ಹುಟ್ಟಿನಿಂದ ಬಾರದ ಆ ನಂಟನ್ನು ರಕ್ತಸಂಬಂಧದಂತೆ ನಡೆಸಿದರು. ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮುಂತಾದವರನ್ನು ತಮ್ಮ ಹಿರಿಯರೆಂದು ಎಣಿಸಿಕೊಂಡುದು ಇದಕ್ಕಿಂತಲೂ ಮಿಗಿಲಾದ ವಂಶಾವಳಿ. ಆದುದರಿಂದ ಶರಣರು ನಂಟನ್ನು ನಿರಾಕರಿಸಿದವರಲ್ಲ. ನಂಟಿನ ಬೇಲಿಯನ್ನು ಕಿತ್ತವರು. ನೆನಪು ದೋಷವಲ್ಲ, ನೆನಪನ್ನು ತಕ್ಕಡಿಯನ್ನಾಗಿ ಮಾಡಿ ಮನುಷ್ಯನನ್ನು ತೂಗುವುದು ದೋಷ.

ಅರಸುವವನಿಗೆ ನಿಜವಾದ ಪರೀಕ್ಷೆ ಬರುವುದು ಬಯಸದುದು ದೊರೆತಾಗ. ಹಡಗೇರುವಾಗ ಕೆಲವರು ಹೆಸರನ್ನೂ ಜಾತಿಯನ್ನೂ ಬದಲಿಸಿ ಬರೆಯಿಸಿದ್ದರು. ದೇಶದೊಳಗಿನ ಮನೆತನಗಳಲ್ಲಿಯೂ ಮುಚ್ಚಿಟ್ಟ ಸಂಗತಿಗಳಿರುವುವು. ಅಜ್ಜನ ಅಜ್ಜಿಯು ಸಮಾಜವು ಕೀಳೆಂದ ಕೇರಿಯಲ್ಲಿ ಹುಟ್ಟಿದವಳೆಂದು ತಿಳಿದರೆ, ಆ ಪುಟವನ್ನು ಹರಿಯುವವನು ಬಾಯಲ್ಲಿ ಸಮಾನತೆಯನ್ನು ನುಡಿದು ನಡೆಯಲ್ಲಿ ತಪ್ಪಿದವನು. ಆಕೆಯ ಹೆಸರನ್ನೂ ಉಳಿದವರ ಸಾಲಿನಲ್ಲಿಯೇ ಬರೆದು ತಲೆಬಾಗುವವನಿಗೆ ವಂಶಶೋಧನೆಯೇ ಜಾತಿಸೂತಕವನ್ನು ಕಳೆಯುವ ಸಾಧನೆಯಾಗುವುದು.

ಇನ್ನು ಬದುಕಿರುವವರ ವಿಷಯ ಮತ್ತಷ್ಟು ಸೂಕ್ಷ್ಮವಾದುದು. ಸತ್ತವರು ಅರಸುವವನಿಗೆ ಬಾಗಿಲು ಮುಚ್ಚಲಾರರು, ಬದುಕಿರುವವರು ಮುಚ್ಚಬಹುದು. ಎಂಜಲಿನ ಒಂದು ಹನಿಯಿಂದ ರಕ್ತಸಂಬಂಧವನ್ನು ಗುರುತಿಸುವ ಪರೀಕ್ಷೆಗಳು ಇಂದು ಬಂದಿವೆ. ಮದುವೆಗೆ ಮುನ್ನ ಹಡೆದ ಕೂಸನ್ನು ಕಣ್ಣೀರಿನೊಡನೆ ಒಪ್ಪಿಸಿ, ಬೇರೊಂದು ಬಾಳನ್ನು ಕಟ್ಟಿಕೊಂಡ ತಾಯಿಯ ಗುಟ್ಟನ್ನು, ಆಕೆಯ ದೂರದ ಬಂಧುವೊಬ್ಬನು ಕುತೂಹಲಕ್ಕೆ ಮಾಡಿಸಿದ ಪರೀಕ್ಷೆಯೇ ಬಯಲುಮಾಡಬಹುದು. ಮಗುವಿಗೆ ತನ್ನ ಮೂಲವನ್ನು ತಿಳಿಯುವ ಹಂಬಲ ನ್ಯಾಯವಾದುದು. ತಾಯಿಗೆ ತನ್ನ ಮೌನವೂ ನ್ಯಾಯವಾದುದು. ಭಾರತದ ದತ್ತು ನಿಯಮಗಳು ದತ್ತುಮಕ್ಕಳಿಗೆ ಮೂಲವನ್ನು ಶೋಧಿಸಲು ಅವಕಾಶವನ್ನಿತ್ತರೂ, ಅದು ಹೆತ್ತವರ ಖಾಸಗಿತನವನ್ನು ಭಂಗಗೊಳಿಸಬಾರದೆಂದು ಕಟ್ಟುಮಾಡಿವೆ. ಕಾನೂನು ಹೇಳುವ ಈ ಮಿತಿಯನ್ನು ದಯೆಯೂ ಹೇಳುತ್ತದೆ. ಹಂಬಲವುಳ್ಳವನು ಬಾಗಿಲನ್ನು ತಟ್ಟಬಹುದು, ಮುರಿಯಲಾಗದು. ತಟ್ಟುವುದೂ ಮೆಲ್ಲನೆ, ನೆರೆಯವರ ಕಿವಿಗೆ ಬೀಳದಂತೆ ಇರಬೇಕು. ಒಳಗಿನವರು ಒಲ್ಲೆವೆಂದರೆ, ಅವರ ಹೆಸರನ್ನು ಬಯಲಿಗೆ ತಾರದೆ ಹಿಂದಿರುಗುವುದೇ ಬಂಧುತ್ವದ ಮೊದಲ ಕರ್ತವ್ಯ. ಬಂಧುವೆಂದು ಹೇಳಿಕೊಂಡು ಬಂದು ನೋಯಿಸಿದರೆ ಅವನು ಬಂಧುವಾದುದೆಂತು?

ಗೃಹಸ್ಥನಾದವನು ಮನೆಯ ವೃದ್ಧರ ಬಳಿ ಕುಳಿತು, ಅವರ ನೆನಪಿನಲ್ಲಿರುವ ಹೆಸರುಗಳನ್ನು, ಅದರಲ್ಲಿಯೂ ಯಾವ ಹೊತ್ತಗೆಯೂ ಬರೆಯದ ಅಜ್ಜಿಮುತ್ತಜ್ಜಿಯರ ಹೆಸರುಗಳನ್ನು ಬರೆದಿಡುವುದು ಒಳ್ಳೆಯದು; ವೃದ್ಧರೊಡನೆ ಅವೂ ಅಳಿದುಹೋಗುವುವು. ಬರೆಯುವಾಗ ಮೂರನ್ನು ಮರೆಯದಿರಲಿ. ದೊರೆತುದು ಉನ್ನತವಾದರೆ ಬೀಗದಿರಲಿ, ದೀನವಾದರೆ ಅಡಗಿಸದಿರಲಿ, ಬದುಕಿರುವವರ ಅನುಮತಿಯಿಲ್ಲದೆ ಅವರ ಬಾಳನ್ನು ಬಯಲಿಗಿಡದಿರಲಿ. ಹೊಸ ಬಂಧುವೊಬ್ಬನು ದೊರೆತನೆಂದರೆ ಸಂತೋಷಿಸಲು ಒಬ್ಬನು ದೊರೆತನೆಂದಷ್ಟೇ ಅಲ್ಲ; ಆತನ ಕಷ್ಟಕ್ಕೂ ತನ್ನ ಮನೆಯ ಅನ್ನಕ್ಕೂ ಈಗ ನಂಟಾಯಿತೆಂದು ಅರ್ಥ. ವಂಶವೃಕ್ಷದ ಕೊಂಬೆಗಳನ್ನು ಎಣಿಸಿದ ಮಾತ್ರಕ್ಕೆ ಫಲವಿಲ್ಲ. ಆ ಮರದ ನೆರಳಿನಲ್ಲಿ ಹಸಿದು ಬಂದವನಿಗೆ ಎಡೆಯಿದ್ದರೆ ಮಾತ್ರ ಅರಸಿದುದು ಸಾರ್ಥಕ.