ಹೊರುವವನ ಹೆಗಲು

ತನ್ನ ಗಂಟನ್ನು ತಾನೇ ಹೊರುವವನಿಗೆ ಅದರಲ್ಲಿ ಏನನ್ನು ತುಂಬಬೇಕು, ಯಾವುದನ್ನು ಮೇಲಿಡಬೇಕು, ಯಾವುದನ್ನು ಬಿಡಬೇಕು ಎಂಬುದು ಅನುಕೂಲದ ಪ್ರಶ್ನೆ. ಒಬ್ಬನು ತುಂಬಿ ಮತ್ತೊಬ್ಬನು ಹೊರುವಾಗ ಅದೇ ಪ್ರಶ್ನೆ ಧರ್ಮದ ಪ್ರಶ್ನೆಯಾಗುತ್ತದೆ. ಹೀಗೆಂದರೆ ಕೆಲವರಿಗೆ ಅತಿಶಯೋಕ್ತಿಯೆನಿಸಬಹುದು. ಚೀಲ ಜೋಡಿಸುವ ಕೆಲಸದಲ್ಲಿ ಧರ್ಮಾಧರ್ಮ ಎಲ್ಲಿಂದ ಬಂತು? ಅದು ಒಪ್ಪ ಓರಣದ ಮಾತು, ಹೆಚ್ಚೆಂದರೆ ಜಾಣತನದ ಮಾತು ಎಂದು ಅವರು ಹೇಳಿಯಾರು. ನಮ್ಮ ಸೀಮೆಯ ಚಕ್ಕಡಿಯನ್ನೂ, ನಮಗೆ ದೂರವೆನಿಸುವ ಗಾಲ್ಫ್ ಆಟದ ಚೀಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಸಂದೇಹ ಕಳೆಯುತ್ತದೆಂದು ನನ್ನ ಎಣಿಕೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತಿನ ಘಟಪ್ರಭೆಯ ನಾಡು ಕಬ್ಬಿನ ನಾಡು. ಇಲ್ಲಿ ಚಕ್ಕಡಿಗೆ ಹೇರುವುದನ್ನು ಬಲ್ಲ ರೈತ ಎಷ್ಟು ಹೇರಿದೆವೆಂದು ನೋಡುವಷ್ಟೇ ಎಚ್ಚರದಿಂದ ಭಾರ ಎಲ್ಲಿ ಕುಳಿತಿದೆಯೆಂದು ನೋಡುತ್ತಾನೆ. ಭಾರ ಮುಂದಕ್ಕೆ ಬಿದ್ದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಬಿದ್ದರೆ ನೊಗ ಮೇಲೆದ್ದು ಕೊರಳಪಟ್ಟಿ ಗಂಟಲನ್ನು ಹಿಸುಕುತ್ತದೆ. ಅದೇ ಕಬ್ಬು, ಅದೇ ಎತ್ತು, ಅದೇ ದಾರಿ. ಜೋಡಿಸಿದ ರೀತಿ ಬೇರೆಯಾದೊಡನೆ ಸಾಗಾಟವೇ ಹಿಂಸೆಯಾಗುತ್ತದೆ. ಎತ್ತಿಗೆ ದೂರು ಹೇಳುವ ಬಾಯಿಲ್ಲ. ಆದುದರಿಂದ ಅದರ ದೂರನ್ನು ಹೇರುವ ಹೊತ್ತಿಗೇ ಕೇಳಿಸಿಕೊಳ್ಳುವುದು ರೈತನ ಪಾಲಿಗೆ ಬಂದ ಕರ್ತವ್ಯ. ಈಗ ಹೇರು ಬಹುಮಟ್ಟಿಗೆ ಟ್ರ್ಯಾಕ್ಟರಿಗೆ ಹೋಗಿದೆ ನಿಜ. ಆದರೆ ಚಕ್ಕಡಿ ಕಲಿಸಿದ ಪಾಠ ಹಳತಾಗಿಲ್ಲ.

ಇನ್ನು ಗಾಲ್ಫಿನ ಚೀಲ. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಆದ್ದರಿಂದ ಆಟ ನಮ್ಮ ನಾಡಿಗೆ ಹೊಸದೇನಲ್ಲ. ಆಡುವ ಸಾಧನಕ್ಕೂ ಇಂಗ್ಲಿಷಿನಲ್ಲಿ ‘ಕ್ಲಬ್’ ಎಂದೇ ಹೆಸರು. ಕ್ಲಬ್ಬೆಂದರೆ ನಮ್ಮ ಊರುಗಳಲ್ಲಿ ಇಸ್ಪೀಟು ನೆನಪಾಗುವುದರಿಂದ ನಾವು ಕೋಲು ಎನ್ನೋಣ. ಚೆಂಡನ್ನು ಬಹು ದೂರ ಹೊಡೆಯುವುದಕ್ಕೆ ಉದ್ದನೆಯ ಕೋಲು, ನಡುವಿನ ದೂರಗಳಿಗೆ ಸಂಖ್ಯೆ ಹಾಕಿದ ಕಬ್ಬಿಣದ ತಲೆಯ ಕೋಲುಗಳು, ಮರಳಿನ ಗುಳಿಯಿಂದ ಮೇಲೆತ್ತುವುದಕ್ಕೆ ಗಿಡ್ಡದೊಂದು, ಕುಳಿಗೆ ಉರುಳಿಸುವುದಕ್ಕೆ ಬೇರೊಂದು. ಹೆಗಲಿಗೆ ಹಾಕುವ ಚೀಲದಲ್ಲಿ ಉದ್ದನೆಯವನ್ನು ಪಟ್ಟಿಯ ಕಡೆಗೆ, ನಡುವಿನವನ್ನು ಮಧ್ಯದಲ್ಲಿ, ಗಿಡ್ಡವನ್ನು ಮುಂದಿನ ಖಾನೆಯಲ್ಲಿ ಇಡುವುದು ರೂಢಿ. ಹೀಗಿಟ್ಟರೆ ಗಿಡ್ಡವು ಉದ್ದದ ಮರೆಗೆ ಸರಿಯುವುದಿಲ್ಲ, ತಲೆಗೆ ತಲೆ ತಾಗುವುದಿಲ್ಲ, ಹುಡುಕಾಟವಿಲ್ಲದೆ ಕೈಗೆ ಬೇಕಾದುದು ಸಿಗುತ್ತದೆ. ನೀರು, ಚೆಂಡು, ಮಳೆಯ ಅಂಗಿಗಳನ್ನು ಎರಡೂ ಬದಿಗೆ ಹಂಚದಿದ್ದರೆ ಚೀಲ ಒಂದು ಕಡೆಗೆ ವಾಲುತ್ತದೆ, ಹೊತ್ತವನೂ ವಾಲುತ್ತಾನೆ. ಹದಿನೆಂಟು ಕುಳಿಗಳ ಆಟ ಮುಗಿಯುವಷ್ಟರಲ್ಲಿ ಎಂಟು ಹತ್ತು ಕಿಲೋಮೀಟರ್ ನಡೆದಂತಾಗುತ್ತದೆ. ಅಷ್ಟು ದೂರ ಚೀಲವನ್ನು ಹೊರುವವನು ಹಲವು ವೇಳೆ ಆಟಗಾರನಲ್ಲ, ಕ್ಯಾಡಿ.

ಇಲ್ಲಿಯೇ ನಮ್ಮ ಪ್ರಶ್ನೆ ಮೊಳೆಯುತ್ತದೆ. ಹಿಂದೆ, ಚೀಲವೇ ಇಲ್ಲದ ಕಾಲದಲ್ಲಿ, ಕ್ಯಾಡಿಯು ಕೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡು ನಡೆಯುತ್ತಿದ್ದ. ಕಂಕುಳು ಹಿಡಿಸುವಷ್ಟೇ ಕೋಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚೀಲ ಬಂದಿತು. ಬಳಿಕ ಕೋಲುಗಳು ಬೆಳೆದವು. 1934 ಮತ್ತು 1935ರಲ್ಲಿ ಅಮೆರಿಕದ ಹಾಗೂ ಬ್ರಿಟನ್ನಿನ ಹವ್ಯಾಸಿ ಪಂದ್ಯಗಳೆರಡನ್ನೂ ಗೆದ್ದ ಲಾಸನ್ ಲಿಟಲ್ ಇಪ್ಪತ್ತಕ್ಕೂ ಮೀರಿದ ಕೋಲುಗಳನ್ನು ಹೊರಿಸುತ್ತಿದ್ದವನೆಂದು ಹೆಸರಾದ. ಕೊನೆಗೆ ಅಮೆರಿಕದಲ್ಲಿ 1938ರಿಂದ, ಬ್ರಿಟನ್ನಿನಲ್ಲಿ 1939ರಿಂದ, ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಕೂಡದೆಂದು ನಿಯಮವಾಯಿತು. ಕೈಚಳಕವನ್ನು ಕೋಲಿನ ಸಂಖ್ಯೆಯಿಂದ ಕೊಳ್ಳಬಾರದೆಂಬುದು ಅದರ ಹಿಂದಿದ್ದ ಒಂದು ವಾದ. ಕ್ಯಾಡಿಯ ಹೊರೆ ಮತ್ತೊಂದು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಕೆಳಗೆ 1965ರಲ್ಲಿ ಬಂದ ನಿಯಮಗಳು ಎತ್ತಿನ ಬಂಡಿಯ ಭಾರಕ್ಕೂ ಇಂಥದೇ ಮಿತಿಯಿಟ್ಟವು.

ಕ್ಯಾಡಿಗೆ ಕೂಲಿ ಸಿಗುವುದಿಲ್ಲವೆ, ಒಪ್ಪಿಯೇ ಹೊರುವವನ ಪರವಾಗಿ ನಾವೇಕೆ ಕೊರಗಬೇಕು ಎಂದು ವಾಚಕರು ಕೇಳಬಹುದು. ಇದು ತಳ್ಳಿಹಾಕುವಂಥ ಮಾತಲ್ಲ. ಆದರೆ ಚೀಲವನ್ನು ಬಿಚ್ಚಿ ನೋಡಿದರೆ ಅದರಲ್ಲಿ ಎರಡು ಬಗೆಯ ಭಾರ ಕಾಣುತ್ತದೆ. ಒಂದು ಆಟಕ್ಕೆ ಬೇಕಾದುದರ ಭಾರ. ಇನ್ನೊಂದು ‘ಬೇಕಾದೀತು’ ಎಂಬ ಅಂಜಿಕೆಯ ಭಾರ. ಇಪ್ಪತ್ತನೆಯ ಕೋಲು ಚೀಲಕ್ಕೆ ಬರುವುದು ಈ ಎರಡನೆಯ ಹೆಸರಿನಲ್ಲಿ. ಅದಕ್ಕೂ ದುಪ್ಪಟ್ಟು ಕೂಲಿ ಕೊಟ್ಟರೆ ಸರಿಯಾಯಿತೆ? ಕೂಲಿಗೆ ನಿಂತವನು ಬೇಡವೆನ್ನುವ ಸ್ಥಿತಿಯಲ್ಲಿರುವುದು ಅಪರೂಪ. ಅವನ ಒಪ್ಪಿಗೆಯಲ್ಲಿ ಅವನ ಮನೆಯ ಒಲೆಯೂ ಸೇರಿದೆ. ಅವನು ಹೇಳಲಾರದ ‘ಸಾಕು’ ಎಂಬ ಮಾತನ್ನು ಅವನ ಪರವಾಗಿ ನಿಯಮ ಹೇಳುತ್ತದೆ. ಇನ್ನು ಆಟಗಾರನಿಗೂ ಇದರಲ್ಲಿ ನಷ್ಟವಿದೆ. ಭಾರವನ್ನು ಎಂದೂ ಹೊರದವನಿಗೆ ಯಾವುದು ಅನಾವಶ್ಯಕವೆಂದು ತಿಳಿಯುವ ದಾರಿಯೇ ಇಲ್ಲ. ವಿವೇಕವೆಂಬುದು ಹೆಗಲಿನಿಂದಲೂ ಬರತಕ್ಕದ್ದು.

ಹಾಗಾದರೆ ಹೊರುವವನಿಗೆ ಹೊಣೆಯೇ ಇಲ್ಲವೆ? ಇದೆ, ಆದರೆ ಅದು ಒಡೆಯನ ಹೊಣೆಯನ್ನು ಕಳೆಯುವುದಿಲ್ಲ. 2001ರಲ್ಲಿ ಇಂಗ್ಲೆಂಡಿನ ರಾಯಲ್ ಲಿದಮ್‌ನಲ್ಲಿ ನಡೆದ ಓಪನ್ ಪಂದ್ಯದ ಕೊನೆಯ ದಿನ ಇಯಾನ್ ವೂಸ್ನಮ್ ಮುಂಚೂಣಿಯಲ್ಲಿದ್ದ. ಎರಡನೆಯ ಕುಳಿಗೆ ಹೊಡೆಯಲು ನಿಂತಾಗ ಚೀಲದಲ್ಲಿ ಹದಿನೈದು ಕೋಲುಗಳಿರುವುದು ಗೊತ್ತಾಯಿತು. ಎಣಿಸುವುದು ಕ್ಯಾಡಿಯ ಕೆಲಸವಾಗಿತ್ತು. ಎರಡು ಹೊಡೆತಗಳ ದಂಡ ಬಿದ್ದದ್ದು ವೂಸ್ನಮ್‌ನ ಲೆಕ್ಕಕ್ಕೆ. ಕೊನೆಗೆ ಅವನು ಮೂರನೆಯ ಸ್ಥಾನವನ್ನು ಇತರರೊಡನೆ ಹಂಚಿಕೊಂಡ. ಕಠಿಣವೆನಿಸಿದರೂ ಈ ನಿಯಮ ನ್ಯಾಯವಾದುದೆಂದು ನನ್ನ ಮತ. ಚೀಲವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಬಹುದು, ಅದರ ಉತ್ತರವಾದಿತ್ವವನ್ನು ದಾಟಿಸಲಾಗದು.

ಹೊರುವವನನ್ನು ಬರಿಯ ಹೆಗಲೆಂದು ಎಣಿಸುವುದೂ ತಪ್ಪೇ. ದಿನವೂ ಚೀಲದ ಒಳಗನ್ನು ಬಲ್ಲ ಕೈ ಆಟವನ್ನೂ ಬಲ್ಲುದಾಗುತ್ತದೆ. ಬೆಂಗಳೂರಿನ ಸಿ. ಮುನಿಯಪ್ಪನವರು ಕ್ಯಾಡಿಯಾಗಿ ಈ ಆಟದೊಳಕ್ಕೆ ಬಂದವರು. 2009ರಲ್ಲಿ ಅವರು ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು. ಕನ್ನಡಿಗರಿಗೆ ಇದು ಆಶ್ಚರ್ಯವಾಗಬೇಕಾಗಿಲ್ಲ. ಎಲೆಯಡಿಕೆಯ ಚೀಲವನ್ನು ಹಿಡಿದು ಬಸವಣ್ಣನವರ ಸನಿಹದಲ್ಲಿದ್ದ ಅಪ್ಪಣ್ಣನವರು ಹನ್ನೆರಡನೆಯ ಶತಮಾನದಲ್ಲಿ ವಚನಕಾರರಾದರು. ಹಡಪವೆಂಬ ಆ ಚೀಲದ ಹೆಸರೇ ಅವರ ಹೆಸರಿಗೆ ಗೌರವದಿಂದ ಸೇರಿಕೊಂಡಿತು.

ನಮ್ಮಲ್ಲಿ ಬಹುಜನರು ಗಾಲ್ಫ್ ಆಡುವವರಲ್ಲ, ಚಕ್ಕಡಿ ಹೂಡುವವರೂ ಅಲ್ಲ. ಆದರೂ ನಮ್ಮ ಮನೆಗಳಲ್ಲಿ ಬೆಳಗಾದರೆ ಒಬ್ಬರು ತುಂಬಿ ಮತ್ತೊಬ್ಬರು ಹೊರುವ ಚೀಲವೊಂದಿದೆ: ಮಕ್ಕಳ ಪಾಠಿಚೀಲ. ಅದರಲ್ಲಿ ಸೇರಬೇಕಾದುದನ್ನು ಶಾಲೆಯೂ ತಾಯಿತಂದೆಯರೂ ಗೊತ್ತುಮಾಡುತ್ತಾರೆ. ಹೊರುವುದು ಎಂಟು ವರ್ಷದ ಬೆನ್ನು. 2019ರಲ್ಲಿ ಕರ್ನಾಟಕ ಸರಕಾರ ಈ ಭಾರ ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂಬ ಲೆಕ್ಕದಲ್ಲಿ ಮಿತಿಯಿಟ್ಟಿತು: ಒಂದು ಎರಡನೆಯ ತರಗತಿಗೆ ಎರಡು ಕಿಲೋ, ಒಂಬತ್ತು ಹತ್ತನೆಯದಕ್ಕೆ ಐದು ಕಿಲೋ ಮೇಲ್ಮಿತಿ. ಅಲ್ಲಿಯೂ ಹೆಚ್ಚಿನ ಪುಸ್ತಕವನ್ನು ಒಳಗೆ ತಳ್ಳುವುದು ಹಿರಿಯರ ‘ಬೇಕಾದೀತು’ ಎಂಬ ಅಂಜಿಕೆಯೇ. ಮಗು ಕ್ಯಾಡಿಯಂತೆ ಕೂಲಿಯನ್ನೂ ಕೇಳುವುದಿಲ್ಲ, ಎತ್ತಿನಂತೆ ದೂರನ್ನೂ ಹೇಳುವುದಿಲ್ಲ. ಸ್ವಲ್ಪ ಮುಂದಕ್ಕೆ ಬಾಗಿ ನಡೆಯುತ್ತದೆ, ಅಷ್ಟೆ.

ನಿಯಮಗಳು ಸಂಖ್ಯೆಯನ್ನೂ ತೂಕವನ್ನೂ ಗೊತ್ತುಮಾಡಬಲ್ಲವು. ಯಾವುದು ಬೇಕು, ಅದನ್ನು ಎಲ್ಲಿಡಬೇಕು ಎಂಬ ವಿವೇಚನೆ ತುಂಬುವವನಿಗೇ ಉಳಿದದ್ದು. ಅದಕ್ಕೆ ದೊಡ್ಡ ತತ್ತ್ವಶಾಸ್ತ್ರವೇನೂ ಬೇಡ. ಚೀಲದ ಬಾಯಿ ಮುಚ್ಚಿದ ಮೇಲೆ, ಇನ್ನೊಬ್ಬರ ಕೈಗೆ ಕೊಡುವ ಮೊದಲು, ಅದನ್ನು ಒಮ್ಮೆ ತಾನೇ ಹೆಗಲಿಗೇರಿಸಿಕೊಂಡು ಅಂಗಳದಲ್ಲಿ ನೂರು ಹೆಜ್ಜೆ ನಡೆದು ಬಂದರೆ ಸಾಕು. ಮರಳಿ ಬಂದವನು ಚೀಲವನ್ನು ಇಳಿಸಿ ಒಂದೆರಡು ವಸ್ತುಗಳನ್ನು ಹೊರಗೆ ತೆಗೆಯದೆ ಇರಲಾರ.