ಭೂತಾಯಿಯ ಋಣ ಮತ್ತು ಭಕ್ತರ ಕರ್ತವ್ಯ

॥ ಶ್ರೀ ಸ್ವಾಮಿಯ ಪಾದಾರವಿಂದಗಳಿಗೆ ನಮಸ್ಕಾರ ॥



ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು, ಅಜ್ಜಿ-ಮೊಮ್ಮಕ್ಕಳ ಸಮೇತ ಮೆಟ್ಟಿಲು ಹತ್ತಿ ಬರುವ ಭಕ್ತಾದಿಗಳು ಸ್ವಾಮಿಯ ಮುಂದೆ ನಿಂತು ಬೇಡುವುದೇನು? ಮಳೆ-ಬೆಳೆ ಚೆನ್ನಾಗಾಗಲಿ, ಮಕ್ಕಳು-ಮರಿ ಸುಖವಾಗಿರಲಿ ಅಂತ. ಊರು ಬೇರೆ, ಕುಲ ಬೇರೆ, ಬೇಡಿಕೆ ಮಾತ್ರ ಒಂದೇ. ಮಳೆ ತಪ್ಪಿದರೆ ಬೆಳೆಯಿಲ್ಲ, ಬೆಳೆಯಿಲ್ಲದಿದ್ದರೆ ಮಕ್ಕಳ ಹೊಟ್ಟೆಗೆ ಅನ್ನವಿಲ್ಲ. ಈಗ ಆ ಮಳೆಯೇ ಹದ ತಪ್ಪಿದೆ. ಬಂದರೆ ಒಂದೇ ದಿನ ಊರು ಮುಳುಗುವಷ್ಟು, ಇಲ್ಲದಿದ್ದರೆ ತಿಂಗಳುಗಟ್ಟಲೆ ಹನಿಯೂ ಇಲ್ಲ. ಇದನ್ನು ದೇವರ ಮೇಲೆ ಭಾರ ಹಾಕಿ ಸುಮ್ಮನೆ ಕೂತರೆ ಸಾಕೇ? ಪುರಾಣ ಏನು ಹೇಳುತ್ತದೆ ನೋಡೋಣ.

ಪೃಥು ಮಹಾರಾಜನ ಕಥೆ

ಶ್ರೀಮದ್ಭಾಗವತದ ನಾಲ್ಕನೇ ಸ್ಕಂಧದಲ್ಲಿ ಈ ಕಥೆ ಬರುತ್ತದೆ. ವೇನನೆಂಬ ದುಷ್ಟ ರಾಜನ ನಂತರ ಪೃಥು ಪಟ್ಟಕ್ಕೆ ಬಂದಾಗ ಭೂಮಿ ಧಾನ್ಯ ಕೊಡುವುದನ್ನೇ ನಿಲ್ಲಿಸಿತ್ತು. ಹಸಿವಿನಿಂದ ಸೊರಗಿದ ಪ್ರಜೆಗಳು ನೇರವಾಗಿ ಅರಸನ ಬಳಿಗೆ ಹೋಗಿ, ನಮ್ಮನ್ನು ಕಾಯುವವನು ನೀನೇ, ಅನ್ನಕ್ಕೆ ದಾರಿ ಮಾಡು ಅಂತ ಮೊರೆಯಿಟ್ಟರು. ಪೃಥು ಸಿಟ್ಟಿನಿಂದ ಬಿಲ್ಲೆತ್ತಿದ. ಭೂದೇವಿ ಹಸುವಿನ ರೂಪ ತಾಳಿ ಓಡಿದಳು. ಎಲ್ಲಿ ಹೋದರೂ ಅರಸ ಬೆನ್ನು ಬಿಡಲಿಲ್ಲ. ಕೊನೆಗೆ ತಾಯಿ ನಿಂತು ತನ್ನ ದೂರು ಹೇಳಿದಳು. ನೇಮ-ನಿಷ್ಠೆ ಇಲ್ಲದವರು ಸಸ್ಯಸಂಪತ್ತನ್ನು ತಿಂದು ಮುಗಿಸುತ್ತಿದ್ದರು. ಕಾಯಬೇಕಾದ ಅರಸರು ಕಾಯಲಿಲ್ಲ. ಅದಕ್ಕೇ ಬೀಜಗಳನ್ನು ಒಡಲಲ್ಲಿ ಅಡಗಿಸಿಟ್ಟೆ ಎಂದಳು. ಕರು ತಂದು ಬಿಡು, ಆಗ ಹಾಲು ಕರೆ. ಮಳೆಗಾಲ ಕಳೆದ ಮೇಲೂ ನೀರು ನಿಲ್ಲುವಂತೆ ನನ್ನ ಮೈಯನ್ನು ಮಟ್ಟ ಮಾಡು ಎಂದಳು. ಪೃಥು ಹಾಗೆಯೇ ಮಾಡಿದ. ಅವಳನ್ನು ಮಗಳೆಂದು ಭಾವಿಸಿದ. ಆದ್ದರಿಂದಲೇ ಭೂಮಿಗೆ ಪೃಥ್ವಿ ಎಂಬ ಹೆಸರು.

ಈ ಕಥೆಯಲ್ಲಿ ಮೂರು ಮಾತುಗಳಿವೆ. ಪ್ರಜೆಗಳು ಆಳುವವನ ಬಾಗಿಲಿಗೆ ಹೋಗಿ ಕೇಳಿದ್ದು ಧರ್ಮ. ಕೇಳಿಸಿಕೊಂಡು ಕೆಲಸ ಮಾಡಿದ್ದು ರಾಜಧರ್ಮ. ಮೂರನೆಯದು ಹಸು ಸಾಕಿದವರಿಗೆಲ್ಲಾ ಗೊತ್ತಿರುವುದೇ. ಕರು ಮುಂದೆ ಇದ್ದರೇ ಹಸು ಸೊರೆ ಬಿಡುವುದು. ಕರುವಿಗೆ ಉಳಿಸದೆ ಕರೆದುಕೊಳ್ಳುವುದು ಪಾಪ. ಭೂಮಿಯ ಕರುಗಳೆಂದರೆ ನಮ್ಮ ಮುಂದಿನ ಮಕ್ಕಳು.

ಇಂದಿನ ದೂರು

ಭೂತಾಯಿಯ ಇಂದಿನ ದೂರು ಏನು? ಸುಮಾರು ಇನ್ನೂರೈವತ್ತು ವರ್ಷಗಳಿಂದ ಮನುಷ್ಯ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಡುತ್ತಾ ಬಂದಿದ್ದಾನೆ. ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಇದು ಭೂಮಿಗೆ ಹೊದಿಸಿದ ಕಂಬಳಿಯ ಹಾಗೆ. ಶಾಖ ಹೊರಗೆ ಹೋಗಲು ಬಿಡುವುದಿಲ್ಲ. ಬಿಸಿಯಾದ ಗಾಳಿ ಹೆಚ್ಚು ನೀರು ಹೀರಿಕೊಂಡು ಒಮ್ಮೆಲೇ ಸುರಿಸುತ್ತದೆ. ಇದು ಒಬ್ಬರ ಮನೆಯ ಒಲೆಯಿಂದ ಆದದ್ದಲ್ಲ, ಒಬ್ಬರು ಒಲೆ ಆರಿಸಿದರೆ ಸರಿಯಾಗುವುದೂ ಇಲ್ಲ. ಕರೆಂಟು ಯಾವುದರಿಂದ ತಯಾರಾಗಬೇಕು, ಕಾಡು ಎಷ್ಟು ಉಳಿಯಬೇಕು ಎಂದು ತೀರ್ಮಾನಿಸುವುದು ಸರ್ಕಾರಗಳು. ಆದ್ದರಿಂದಲೇ ಅರಸನ ಬಾಗಿಲು ತಟ್ಟಬೇಕಾಯಿತು.

ಎರಡು ತಿಂಗಳ ಪಾದಯಾತ್ರೆ

2013ರ ನವೆಂಬರ್‌ನಲ್ಲಿ ಫಿಲಿಪ್ಪೀನ್ಸ್ ದೇಶಕ್ಕೆ ಹೈಯಾನ್ ಎಂಬ ಘೋರ ಚಂಡಮಾರುತ ಬಡಿಯಿತು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ವಾರ ಪೋಲೆಂಡಿನ ವಾರ್ಸಾದಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಶುರುವಾಯಿತು. ಅಲ್ಲಿಗೆ ಆ ದೇಶದ ಪ್ರತಿನಿಧಿಯಾಗಿ ಹೋಗಿದ್ದ ಯೆಬ್ ಸಾನ್ಯೊ ಎಂಬುವವರ ಸ್ವಂತ ಸಹೋದರ ಊರಿನಲ್ಲಿ ಅನ್ನವಿಲ್ಲದೆ, ತನ್ನ ಕೈಯಾರೆ ಹೆಣಗಳನ್ನು ಎತ್ತಿ ಸೇರಿಸುತ್ತಿದ್ದರು. ಸಾನ್ಯೊ ಸಭೆಯಲ್ಲಿ ಕಣ್ಣೀರಿಟ್ಟು, ಒಳ್ಳೆಯ ತೀರ್ಮಾನ ಬರುವವರೆಗೆ ಊಟ ಮಾಡುವುದಿಲ್ಲ ಎಂದು ಉಪವಾಸ ಹಿಡಿದರು. ಉಪವಾಸದ ಬೆಲೆ ಭಕ್ತರಿಗೆ ಹೇಳಿಕೊಡಬೇಕಾಗಿಲ್ಲ.

2015ರಲ್ಲಿ ಅವರೂ ಅವರ ಸಂಗಡಿಗರೂ ಪೋಪರ ನೆಲೆಯಾದ ರೋಮ್ ನಗರದಿಂದ ಹವಾಮಾನ ಸಮ್ಮೇಳನ ನಡೆಯಲಿದ್ದ ಪ್ಯಾರಿಸ್‌ವರೆಗೆ, ಸುಮಾರು 1500 ಕಿ.ಮೀ. ದೂರ, ಎರಡು ತಿಂಗಳ ಕಾಲ ಕಾಲ್ನಡಿಗೆಯಲ್ಲಿ ಹೋದರು. ಆ ವರ್ಷ ಧರ್ಮಗಳೆಲ್ಲಾ ಒಂದೇ ದನಿಯಲ್ಲಿ ಮಾತಾಡಿದವು. ಅಂದಿನ ಪೋಪ್ ಫ್ರಾನ್ಸಿಸ್ ಅವರು ಜೂನ್‌ನಲ್ಲಿ ಭೂಮಿಯ ರಕ್ಷಣೆ ಕುರಿತು ಪತ್ರ ಹೊರಡಿಸಿದರು. ಆಗಸ್ಟ್‌ನಲ್ಲಿ ಮುಸಲ್ಮಾನ ವಿದ್ವಾಂಸರು ಇಸ್ತಾನ್‌ಬುಲ್‌ನಲ್ಲಿ ಸೇರಿ ಘೋಷಣೆ ಮಾಡಿದರು. ಹಿಂದೂ ಧರ್ಮಗುರುಗಳು 'ಭೂಮಿ ದೇವಿ ಕೀ ಜೈ' ಎಂಬ ಹೆಸರಿನಲ್ಲೇ ಘೋಷಣೆ ಹೊರಡಿಸಿದರು. ಬೌದ್ಧ ಗುರುಗಳೂ ದನಿಗೂಡಿಸಿದರು. ನವೆಂಬರ್ 28ರಂದು ಹದಿನೇಳು ಲಕ್ಷಕ್ಕೂ ಹೆಚ್ಚು ಭಕ್ತರ ಸಹಿಯಿದ್ದ ಮನವಿಯನ್ನು ವಿಶ್ವಸಂಸ್ಥೆಯ ಅಧಿಕಾರಿಣಿ ಕ್ರಿಸ್ಟಿಯಾನಾ ಫಿಗೆರೆಸ್ ಅವರ ಕೈಗೆ ಒಪ್ಪಿಸಲಾಯಿತು.

ಮಾರನೆಯ ದಿನ ಪ್ಯಾರಿಸ್‌ನಲ್ಲಿ ದೊಡ್ಡ ಮೆರವಣಿಗೆ ಆಗಬೇಕಿತ್ತು. ಕೆಲವೇ ದಿನ ಮುಂಚೆ ಉಗ್ರರ ದಾಳಿ ನಡೆದಿದ್ದರಿಂದ ಸರ್ಕಾರ ಅಪ್ಪಣೆ ಕೊಡಲಿಲ್ಲ. ಜನ ಸುಮ್ಮನೆ ಕೂರಲಿಲ್ಲ. ನಡೆಯಲು ಬಿಡದಿದ್ದರೆ ನಮ್ಮ ಪಾದರಕ್ಷೆಗಳಾದರೂ ನಿಲ್ಲಲಿ ಅಂತ ಸಾವಿರಾರು ಜೊತೆ ಬೂಟು-ಚಪ್ಪಲಿಗಳನ್ನು ಚೌಕದಲ್ಲಿ ಸಾಲಾಗಿ ಜೋಡಿಸಿಟ್ಟರು. ಪೋಪರೂ ತಮ್ಮದೊಂದು ಜೊತೆ ಕಳಿಸಿಕೊಟ್ಟರು. ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು ಬಂದ ಭಕ್ತರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಚಪ್ಪಲಿ ಬಿಡುವುದೆಂದರೆ ಅಹಂಕಾರ ಬಿಟ್ಟು ಬೇಡುವುದು.

ಆ ಡಿಸೆಂಬರ್ 12ರಂದು ಪ್ಯಾರಿಸ್ ಒಪ್ಪಂದವಾಯಿತು. ಭೂಮಿಯ ಬಿಸಿ 2 ಡಿಗ್ರಿಗಿಂತ ಸಾಕಷ್ಟು ಕೆಳಗೇ ಇರಬೇಕು, ಸಾಧ್ಯವಾದರೆ 1.5 ಡಿಗ್ರಿ ದಾಟಬಾರದು ಅಂತ ದೇಶಗಳು ಮಾತು ಕೊಟ್ಟವು. ಆದರೆ 2024ನೇ ಇಸವಿಯ ಸರಾಸರಿಯೇ 1.5ನ್ನು ದಾಟಿತು. ಒಂದು ವರ್ಷ ದಾಟಿದ ಮಾತ್ರಕ್ಕೆ ಒಪ್ಪಂದ ಮುರಿದಂತಲ್ಲ, ಆದರೆ ಎಚ್ಚರಿಕೆ ಗಂಟೆ ಹೊಡೆದಂತೆ. ಮಾತು ಕೊಟ್ಟವರನ್ನು ಮತ್ತೆ ಮತ್ತೆ ಕೇಳದಿದ್ದರೆ ಹರಕೆ ಮರೆತಂತೆಯೇ.

ಮಗಳ ಮೊರೆ, ಅಜ್ಜಿಯರ ಮೊರೆ

2013ರ ಜೂನ್‌ನಲ್ಲಿ ಕೇದಾರನಾಥದಲ್ಲಿ ಆದ ಜಲಪ್ರಳಯದಲ್ಲಿ ಸಾವಿರಾರು ಯಾತ್ರಿಕರು ತೀರಿಹೋದರು. ಅತಿವೃಷ್ಟಿಯ ಜೊತೆಗೆ ನದಿಯ ಜಾಗದಲ್ಲಿ ಕಟ್ಟಿದ ಕಟ್ಟಡಗಳೂ ಆ ಸಂಕಟವನ್ನು ಹೆಚ್ಚಿಸಿದವು. ಅದೇ ಉತ್ತರಾಖಂಡದ ರಿಧಿಮಾ ಪಾಂಡೆ ಎಂಬ ಬಾಲಕಿ 2017ರಲ್ಲಿ, ತನ್ನ ಒಂಬತ್ತನೇ ವಯಸ್ಸಿನಲ್ಲಿ, ಹವಾಮಾನದ ವಿಷಯದಲ್ಲಿ ಸರ್ಕಾರ ಸಾಕಷ್ಟು ಮಾಡುತ್ತಿಲ್ಲ ಅಂತ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಅರ್ಜಿ ಹಾಕಿದಳು. 2019ರಲ್ಲಿ ಅರ್ಜಿ ವಜಾ ಆಯಿತು. ಅದೇ ವರ್ಷ ಬೇರೆ ಬೇರೆ ದೇಶಗಳ ಮಕ್ಕಳ ಜೊತೆ, ಒಟ್ಟು 16 ಮಂದಿ, ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಟ್ಟಳು. ಮೊದಲು ನಿಮ್ಮ ನಿಮ್ಮ ದೇಶದ ಕೋರ್ಟಿಗೆ ಹೋಗಿ ಅಂತ 2021ರಲ್ಲಿ ಉತ್ತರ ಬಂತು. ಆದರೆ 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಎರಡು ಸಾವಿರಕ್ಕೂ ಹೆಚ್ಚು ವಯಸ್ಸಾದ ತಾಯಂದಿರ ಸಂಘವು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ತಮ್ಮ ಸರ್ಕಾರದ ವಿರುದ್ಧ ಗೆದ್ದಿತು.

ಭಗೀರಥನಿಗೂ ಹೀಗೇ ಆಯಿತು. ಗಂಗೆಗಾಗಿ ತಾತ ಅಂಶುಮಂತ ತಪಸ್ಸು ಮಾಡಿ ತೀರಿಕೊಂಡ, ತಂದೆ ದಿಲೀಪ ಕೊರಗಿನಲ್ಲೇ ತೀರಿಕೊಂಡ. ಮೂರನೇ ತಲೆಮಾರಿಗೆ ಗಂಗೆ ಇಳಿದಳು. ಅವನು ಸತ್ತ ಹಿರಿಯರಿಗಾಗಿ ಅಷ್ಟು ಕಷ್ಟಪಟ್ಟ. ಇನ್ನೂ ಹುಟ್ಟದ ಮೊಮ್ಮಕ್ಕಳಿಗಾಗಿ ನಾವು ಸ್ವಲ್ಪವಾದರೂ ಕಷ್ಟಪಡಬಾರದೇ?

ಭಕ್ತರು ಮಾಡಬೇಕಾದ್ದು

ದೇವಸ್ಥಾನದಲ್ಲಿ ರಾಜಕೀಯ ಯಾಕೆ ಅಂತ ಕೆಲವರು ಕೇಳಬಹುದು. ಇದು ಯಾವ ಪಕ್ಷದ ಮಾತೂ ಅಲ್ಲ. ಪೃಥುವಿನ ಪ್ರಜೆಗಳು ಪಕ್ಷ ಕಟ್ಟಲಿಲ್ಲ, ಅನ್ನ ಕೇಳಿದರು. ಓಟು ಕೇಳಲು ಬಂದವರು ಯಾರೇ ಆಗಿರಲಿ, ಕೆರೆ, ಕಾಡು, ಕರೆಂಟಿನ ವಿಷಯದಲ್ಲಿ ಏನು ಮಾಡುತ್ತೀರಿ ಅಂತ ಮನೆಮಂದಿಯೆಲ್ಲಾ ಕೇಳಬೇಕು. ಗ್ರಾಮಸಭೆಗೆ ಹೋಗಿ ಬಾಯಲ್ಲಿ ಹೇಳಿ ಬಂದರೆ ಸಾಲದು. ಮನವಿ ಬರೆದು, ಹತ್ತು ಮನೆಯವರ ಸಹಿ ಹಾಕಿಸಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಬೇಕು. ಉತ್ತರ ಬರದಿದ್ದರೆ ಮತ್ತೆ ಕೊಡಬೇಕು. ಕೇಳುವವರ ನಡತೆಯೂ ಶುದ್ಧವಿರಬೇಕು. ಬೆಟ್ಟದಲ್ಲಿ ಪ್ಲಾಸ್ಟಿಕ್ ಎಸೆದು ಭೂದೇವಿಗೆ ಜೈ ಅಂದರೆ ಅವಳು ಒಪ್ಪುವುದಿಲ್ಲ.

ದರ್ಶನ ಮುಗಿಸಿ ಇಳಿದು ಹೋಗಿ ಚಪ್ಪಲಿ ಮೆಟ್ಟುವಾಗ ಒಂದು ಕ್ಷಣ ನಿಂತು ಸಂಕಲ್ಪ ಮಾಡಿ: ಈ ಪಾದಗಳು ಸ್ವಾಮಿಯ ಬಾಗಿಲಿಗೆ ಬಂದವು, ಇನ್ನು ನ್ಯಾಯ ಕೇಳಲು ಆಳುವವರ ಬಾಗಿಲಿಗೂ ಹೋಗುತ್ತವೆ ಅಂತ. ಕರುವಿನ ಪಾಲು ಕರುವಿಗೆ ಉಳಿಯಲಿ. ಸ್ವಾಮಿಯು ಸಕಲರಿಗೂ ಸದ್ಬುದ್ಧಿ ಕೊಡಲಿ.

॥ ಸರ್ವರಿಗೂ ಮಂಗಳವಾಗಲಿ ॥