ಕತ್ತಿಯನ್ನು ಯಾರಿಂದ ಕಾಪಾಡುವುದು?

ಕ್ಷೌರದ ಕತ್ತಿಗೆ ನಿಜವಾದ ಶತ್ರು ನೀರು. ಆದರೆ ನೀರಿಲ್ಲದೆ ಅದರ ಕೆಲಸವೂ ನಡೆಯುವುದಿಲ್ಲ. ಗಡ್ಡ ನೆನೆಯಬೇಕು, ನೊರೆ ಏಳಬೇಕು, ಅಲಗನ್ನು ನಡುನಡುವೆ ತೊಳೆಯಬೇಕು. ಹಾಗಾಗಿ ಕತ್ತಿಯನ್ನು ತುಕ್ಕಿನಿಂದ ಕಾಪಾಡುವ ಕೆಲಸವೆಲ್ಲ ಒಂದು ಕ್ಷೌರಕ್ಕೂ ಇನ್ನೊಂದಕ್ಕೂ ನಡುವಿನ ಹೊತ್ತಿಗೆ ಸೇರಿದ್ದು. ಗಿರಾಕಿ ದುಡ್ಡು ಕೊಟ್ಟು ಎದ್ದು ಹೋಗಿರುತ್ತಾನೆ, ಆ ಹೊತ್ತಿಗೆ ಕೂಲಿಯಿಲ್ಲ, ನೋಡುವವರೂ ಇಲ್ಲ.

ಹಳೆಯ ಮಡಚುವ ಕತ್ತಿಗಳು ಇಂಗಾಲ ಹೆಚ್ಚಿರುವ ಉಕ್ಕಿನವು. ಇಂಥ ಉಕ್ಕು ಚೆನ್ನಾಗಿ ಹರಿತವಾಗುತ್ತದೆ, ಅಷ್ಟೇ ಬೇಗ ತುಕ್ಕೂ ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಶೇ. 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದು, ಅದರ ಆಕ್ಸೈಡು ಮೇಲೆ ಒಂದು ತೆಳು ಪದರವಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಸಾದಾ ಉಕ್ಕಿನ ತುಕ್ಕು ಹಾಗಲ್ಲ. ಅದು ಉಬ್ಬಿ, ಉದುರಿ, ಕೆಳಗಿನ ಹೊಸ ಕಬ್ಬಿಣವನ್ನು ಗಾಳಿಗೆ ಒಡ್ಡುತ್ತದೆ. ಬೆವರಿನ ಉಪ್ಪು ಸೇರಿದರೆ ಇನ್ನೂ ವೇಗ. ಮಸೆದ ಕತ್ತಿಯ ಬಾಯಿ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ ಬಿದ್ದರೂ ಗಲ್ಲದ ಮೇಲೆ ಉರಿ ಗೊತ್ತಾಗುತ್ತದೆ. ಬೆನ್ನಿನ ಮೇಲೆ ಕೆಂಪು ಚುಕ್ಕೆ ಕಾಣುವ ಹೊತ್ತಿಗೆ ಬಾಯಿ ಕೆಟ್ಟು ಬಹಳ ದಿನವಾಗಿರುತ್ತದೆ.

ಹುಮನಾಬಾದಿನಲ್ಲಿ, ಹೈದರಾಬಾದ್-ಸೊಲ್ಲಾಪುರ ಹೆದ್ದಾರಿಯ ಕಡೆ, ವಯಸ್ಸಾದ ಕ್ಷೌರಿಕರೊಬ್ಬರು ಇಂಥದೊಂದು ಕತ್ತಿಯನ್ನು ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಈಗ ಅದನ್ನು ಬಳಸುವುದಿಲ್ಲ. ಹೇಗೆ ಕಾಪಾಡಿದಿರಿ ಕಾಕಾ ಎಂದರೆ, "ಒರಸೂದರಿ, ಮತ್ತೇನದ? ಬೆನ್ನಿನಿಂದ ಬಾಯಿ ಕಡೀಗೆ ಒರಸಬೇಕು, ಅಡ್ಡ ಒರಸಿದ್ರ ಬಟ್ಟೀನೂ ಹೋಯ್ತು, ಬಾಯೀನೂ ಹೋಯ್ತು" ಎಂದರು. ಮಡಚುವ ಕೀಲಿನೊಳಗೆ ನೀರು ನಿಲ್ಲದಂತೆ ನೋಡಬೇಕು, ಒದ್ದೆಯಿರುವಾಗ ಮಡಚಲೇಬಾರದು. ಆಮೇಲೆ ಚರ್ಮದ ಪಟ್ಟಿಯ ಮೇಲೆ ನಾಲ್ಕು ಸಲ ಎಳೆದರೆ ಉಳಿದ ತೇವವೂ ಹೋಗುತ್ತದೆ. ಆದರೆ ಅದೇ ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಚರ್ಮ ಹೀರಿಕೊಂಡ ತೇವವೇ ಕತ್ತಿಯನ್ನು ತಿನ್ನುತ್ತದೆ. ಎಣ್ಣೆಯಲ್ಲೂ ವ್ಯತ್ಯಾಸವಿದೆ. ಅಡುಗೆ ಎಣ್ಣೆ ದಿನ ಕಳೆದಂತೆ ಜಿಗುಟಾಗುತ್ತದೆ, ಕೊಬ್ಬರಿ ಎಣ್ಣೆ ಬೀದರ ಸೀಮೆಯ ಚಳಿಗೆ ಹೆಪ್ಪುಗಟ್ಟುತ್ತದೆ. ಅವರು ಹೊಲಿಗೆ ಯಂತ್ರದ ಎಣ್ಣೆ ಸವರುತ್ತಾರೆ.

ಒಂದು ವಿಷಯ ಗಮನಿಸಬೇಕು. ದಿನವೂ ಬಳಸುವ ಕತ್ತಿಗೆ ಎಣ್ಣೆ ಬೇಕಿಲ್ಲ, ಒಣ ಬಟ್ಟೆ ಸಾಕು. ಎಣ್ಣೆ ಬೇಕಾಗುವುದು ಎತ್ತಿಟ್ಟ ಕತ್ತಿಗೆ. ಎರಡನ್ನೂ ನಾವು ಕಾಪಾಡುವುದು ಎಂದೇ ಕರೆಯುತ್ತೇವೆ.

ಈ ಮಾತು ಬಸವಕಲ್ಯಾಣದ ಕಡೆಗೆ ಕರೆದೊಯ್ಯದೆ ಇರುವುದಿಲ್ಲ. ಹಡಪ ಎಂಬ ಕನ್ನಡ ಪದಕ್ಕೆ ಎಲೆ ಅಡಿಕೆಯ ಚೀಲ ಎಂದೂ ಅರ್ಥ, ಕ್ಷೌರಿಕನ ಚೀಲ ಎಂದೂ ಅರ್ಥ. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನವರು ತಾಂಬೂಲದ ಚೀಲ ಹಿಡಿದವರೆಂದು ಪರಂಪರೆ ಹೇಳುತ್ತದೆ. ಉತ್ತರ ಕರ್ನಾಟಕದ ಕ್ಷೌರಿಕ ಸಮುದಾಯ ಅವರನ್ನು ತನ್ನವರೆಂದು ಕಂಡು ಹಡಪದ ಎಂಬ ಹೆಸರನ್ನೇ ಇಟ್ಟುಕೊಂಡಿದೆ. ಅಪ್ಪಣ್ಣನವರೂ ಅವರ ಪತ್ನಿ ಲಿಂಗಮ್ಮನವರೂ ವಚನ ಬರೆದವರು. ಆ ಚೀಲದಲ್ಲಿ ಎಲೆ ಇತ್ತೋ ಕತ್ತಿ ಇತ್ತೋ ಎಂಬ ಚರ್ಚೆಯಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಚೀಲ ಹೊರುವವನು ಅನುಭವ ಮಂಟಪದಲ್ಲಿ ಕೂತು ಮಾತಾಡಿದ ಎಂಬುದು ದೊಡ್ಡದು. ಇವತ್ತು ಬಸವಕಲ್ಯಾಣದಲ್ಲಿ ಎತ್ತರದ ಬಸವಣ್ಣನ ಪ್ರತಿಮೆ ಇದೆ, ಹೊಸ ಅನುಭವ ಮಂಟಪದ ಕೆಲಸವೂ ಕೈಗೆತ್ತಿಕೊಂಡಿದ್ದಾಗಿದೆ. ಇದು ಎಣ್ಣೆ ಸವರುವ ಬಗೆಯ ಕಾಪಾಡುವಿಕೆ. ಬೇಡವೆನ್ನಲಾರೆ. ಆದರೆ ಎಣ್ಣೆ ಸವರಿದ ಕತ್ತಿಯನ್ನು ಹಾಗೆಯೇ ಗಲ್ಲಕ್ಕೆ ಹಚ್ಚಲು ಬರುವುದಿಲ್ಲ, ಮೊದಲು ಎಣ್ಣೆ ಒರೆಸಬೇಕು.

ಯಾಕೆಂದರೆ ಕತ್ತಿಯ ವಿಷಯದಲ್ಲಿ ಕಾಪಾಡುವುದು ಎಂಬುದಕ್ಕೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಅರ್ಥ ಬಹುಕಾಲದಿಂದ ಇದೆ. ಕತ್ತಿಯನ್ನು ನೀರಿನಿಂದ ಕಾಪಾಡಿದಂತೆ ಕೆಲವು ಮನುಷ್ಯರಿಂದಲೂ ಕಾಪಾಡಬೇಕು ಎಂಬುದು. ದಲಿತರ ಗಲ್ಲಕ್ಕೆ ತಾಗಿದ ಕತ್ತಿ ಉಳಿದವರಿಗೆ ಬಾರದು ಎಂಬ ಕಟ್ಟಳೆ. ಲೋಹಕ್ಕೆ ಇದು ತಿಳಿಯದು, ಯಾವ ಕೇರಿಯ ಬೆವರಾದರೂ ಅದರಲ್ಲಿರುವುದು ಒಂದೇ ಉಪ್ಪು. ಆದರೂ ಕತ್ತಿ ಹಿಡಿದವನಿಗೆ ತಿಳಿದಿರಲೇಬೇಕಾಯಿತು. ಎಲ್ಲರ ಮುಖ ಮುಟ್ಟುವ ಅವನನ್ನೇ ಕೀಳೆಂದು ಕಂಡವರು, ಅವನ ಜಾತಿಯ ಹೆಸರನ್ನು ಬೈಗುಳ ಮಾಡಿಕೊಂಡವರು, ಅವನು ಯಾರನ್ನು ಮುಟ್ಟಬಾರದು ಎಂದೂ ಹೇಳಿಕೊಟ್ಟರು.

ಗಾಂಧೀಜಿ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. ಪ್ರಿಟೋರಿಯಾದಲ್ಲಿ ಇಂಗ್ಲಿಷ್ ಕ್ಷೌರಿಕನೊಬ್ಬ ಅವರ ಕೂದಲು ಕತ್ತರಿಸಲು ಒಪ್ಪಲಿಲ್ಲ. ಅವರು ಕತ್ತರಿ ಕೊಂಡು ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಂಡರು, ಹಿಂಬದಿ ಕೆಟ್ಟಿತು, ಕೋರ್ಟಿನಲ್ಲಿ ಗೆಳೆಯರು ನಕ್ಕರು. ನನಗೆ ಮುಖ್ಯವಾಗಿ ಕಾಣುವುದು ಅದರ ನಂತರದ ವಿಚಾರ. ಅವರು ಆ ಕ್ಷೌರಿಕನ ಮೇಲೆ ತಪ್ಪು ಹೊರಿಸುವುದಿಲ್ಲ. ಕರಿಯರಿಗೆ ಕ್ಷೌರ ಮಾಡಿದರೆ ಅವನ ಗಿರಾಕಿಗಳು ಹೋಗಿಬಿಡುತ್ತಿದ್ದರು. ನಮ್ಮ ಕ್ಷೌರಿಕರು ಅಸ್ಪೃಶ್ಯರಿಗೆ ಕ್ಷೌರ ಮಾಡಲು ನಾವೇ ಬಿಡುವುದಿಲ್ಲವಲ್ಲ, ಅದರ ಫಲ ಇದು ಎಂದು ಅವರು ತಿಳಿದುಕೊಂಡರು. ಇಲ್ಲಿ ಹೊಣೆ ಕತ್ತಿ ಹಿಡಿದವನ ಕೈಯಿಂದ ಜಾರಿ ಸರದಿಗೆ ಕಾದು ಕೂತವರ ಮೇಲೆ ಬರುತ್ತದೆ. ಅಂಗಡಿಯವನು ಪೂರ್ತಿ ನಿರಪರಾಧಿ ಎಂದಲ್ಲ. ಆದರೆ ಅವನ ಭಯಕ್ಕೆ ಹೊಟ್ಟೆಪಾಡಿನ ಕಾರಣವಾದರೂ ಇದೆ, ಬೆಂಚಿನ ಮೇಲೆ ಕೂತವರಿಗೆ ಅದೂ ಇಲ್ಲ.

1955ರ ಕಾಯಿದೆ, ಅಂದರೆ ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಕರೆಯುವುದು, ಅಂಗಡಿ ಎಂದರೇನು ಎಂದು ವಿವರಿಸುವಾಗ ಕ್ಷೌರದಂಗಡಿಯನ್ನು ಹೆಸರಿಸಿಯೇ ಹೇಳುತ್ತದೆ. ಕಾನೂನು ಬರೆದವರಿಗೆ ಆ ಒಂದು ಕುರ್ಚಿಯನ್ನು ಬೇರೆಯಾಗಿ ಹೇಳಬೇಕೆನಿಸಿತ್ತು.

ಆಮೇಲೆ ಬ್ಲೇಡು ಬಂತು. ಎಚ್‌ಐವಿ, ಹೆಪಟೈಟಿಸ್ ಬಿ ಭಯ ಹರಡಿದ ಮೇಲೆ ಹಳೆಯ ಕತ್ತಿ ಅಂಗಡಿಗಳಿಂದ ಹೆಚ್ಚುಕಡಿಮೆ ಮರೆಯಾಯಿತು. ಈಗಿನದು ಹಿಡಿಯೊಳಗೆ ಅರ್ಧ ಬ್ಲೇಡು ಸಿಕ್ಕಿಸುವ ಬಗೆ, ಒಬ್ಬರಿಗೆ ಬಳಸಿ ಎಸೆಯುವುದು. ಇದು ಸರಿಯಾದದ್ದೇ. ಒಬ್ಬರ ರಕ್ತ ಇನ್ನೊಬ್ಬರಿಗೆ ಸೇರುವ ಅಪಾಯವಿರುವಾಗ ಎಣ್ಣೆ, ಚರ್ಮದ ಪಟ್ಟಿ, ಕೈಗುಣ ಎಂದೆಲ್ಲ ಹಳೆಯದಕ್ಕೆ ಹಂಬಲಿಸುವುದು ಗಿರಾಕಿಯ ಖಯಾಲಿ ಅಷ್ಟೆ. ಒರೆಸುವ, ಕಾಯುವ ಕೆಲಸ ಹೋದದ್ದಕ್ಕೆ ಆ ಕಾಕಾ ಕೂಡ ದುಃಖಪಡಲಿಲ್ಲ. ಬೆರಳು ಉಳಿದವು ಎಂದರು.

ಆದರೆ ಲೆಕ್ಕ ಒಂದು ಇಲ್ಲಿ ತಾಳೆಯಾಗುವುದಿಲ್ಲ. ಪ್ರತಿಯೊಬ್ಬರಿಗೂ ಹೊಸ ಬ್ಲೇಡಾದ ಮೇಲೆ ಮೈಲಿಗೆಯಾಗಲು ಕತ್ತಿಯೇ ಉಳಿದಿಲ್ಲ. ಒಬ್ಬನ ಗಲ್ಲ ಮುಟ್ಟಿದ ಉಕ್ಕು ಇನ್ನೊಬ್ಬನ ಗಲ್ಲದ ತನಕ ಬರುವುದೇ ಇಲ್ಲ. ಆದರೂ ಕರ್ನಾಟಕದ ಹಳ್ಳಿಗಳಿಂದ ದಲಿತರಿಗೆ ಕ್ಷೌರ ನಿರಾಕರಿಸಿದ, ಪೊಲೀಸರು ಬಂದು ನಿಂತ ಮೇಲೆ ಅಂಗಡಿಯನ್ನೇ ಮುಚ್ಚಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಹಾಗಾದರೆ ಇಷ್ಟು ವರ್ಷ ಕಾಪಾಡಿದ್ದು ಕತ್ತಿಯನ್ನಲ್ಲ. ಕತ್ತಿ ಒಂದು ನೆಪವಾಗಿತ್ತು, ಅದು ಹೋದ ಮೇಲೂ ಬೆಂಚಿನಿಂದ ಎದ್ದು ಹೊರಗೆ ಹೋಗುವವರು ಇದ್ದಾರೆ. ಅವರು ಎದ್ದಾಗ ಪಕ್ಕದಲ್ಲಿ ಪತ್ರಿಕೆ ಓದುತ್ತ ಕೂತವನು ಕೂತೇ ಇದ್ದರೆ, ತನ್ನ ಸರದಿ ಬಂದಾಗ ಅದೇ ಕುರ್ಚಿಗೆ ಹೋದರೆ, ಅಂಗಡಿಯವನಿಗೆ ಒಬ್ಬ ಗಿರಾಕಿಯಾದರೂ ಉಳಿಯುತ್ತಾನೆ.